ಫಿಟ್ಸ್ ನಿಂತ್ರೆ ಸಾಕಾ?

[ದೃಶ್ಯ: ಭದ್ರಾವತಿ ಓಲ್ಡ್ ಟೌನ್, ಭದ್ರಾ ಹೊಳೆ]

ಮೂರ್ಛೆರೋಗ ಇರೋರಿಗೆ ಡಾಕ್ಟರ್ ಕೇಳೋ ಮೊದಲ ಪ್ರಶ್ನೆ: ತಿಂಗಳಲ್ಲಿ ಎಷ್ಟು ಸಲ ಫಿಟ್ಸ್ ಬಂತು? ಸರಿ, ಉಳಿದ ದಿನಗಳು ಹೇಗಿದ್ವು?

ಅದನ್ನ ಅಳೆಯೋಕೆ ಅಮೆರಿಕದಲ್ಲಿ ತಯಾರಾದ ಪ್ರಶ್ನಾವಳಿ ಕ್ಯೂಓಎಲ್‌ಐಇ-31. ಫಿಟ್ಸ್ ಭಯ, ಸುಸ್ತು, ಮರೆವು, ಮಾತ್ರೆಯ ಅಡ್ಡಪರಿಣಾಮ, ಜನರ ಜೊತೆ ಒಡನಾಟ... ಒಟ್ಟು 31 ಪ್ರಶ್ನೆ, 100ಕ್ಕೆ ಅಂಕ. ಗ್ರೀಕರೂ ಇದನ್ನ ತಮ್ಮ ಭಾಷೆಗೆ ಒಗ್ಗಿಸಿಕೊಂಡಿದ್ದಾರೆ.

[ದೃಶ್ಯ: ಶಿವಮೊಗ್ಗ ಬಸ್]

ಇದನ್ನ ನಮ್ಮ ಭದ್ರಾವತಿ ಓಲ್ಡ್ ಟೌನಿಗೆ ತಂದ್ರೆ? ಅದರಲ್ಲಿ ವಾಹನ ಓಡಿಸೋ ಪ್ರಶ್ನೆ ಇದೆ. ಸ್ಟೀರಿಂಗೇ ಮುಟ್ಟದ ಅಜ್ಜಿ ಎಲ್ಲಿ ಟಿಕ್ ಹಾಕ್ಬೇಕು? ಅವರನ್ನ ಕೇಳಬೇಕಾದ್ದು: ಒಬ್ಬರೇ ಶಿವಮೊಗ್ಗ ಬಸ್ ಹತ್ತುತ್ತೀರಾ? ಹೊಳೆಗೆ ಇಳೀತೀರಾ? ಒಲೆ ಮುಂದೆ ಧೈರ್ಯವಾಗಿ ನಿಲ್ತೀರಾ?

[ದೃಶ್ಯ: ಬಚ್ಚಲು, ಹಂಡೆ]

ಇನ್ನೊಂದು, ತಲೆಸ್ನಾನ. ತಲೆಗೆ ಬಿಸಿನೀರು ಸುರ್ಕೊಂಡಾಗ ಬರೋ ಫಿಟ್ಸ್ ನಮ್ಮ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನ ದಾಖಲಿಸಿದ್ದಾರೆ. ಹಂಡೆ ನೀರಿನ ಭಯ ಅಮೆರಿಕದ ಪಟ್ಟಿಯಲ್ಲಿಲ್ಲ!

ಮದುವೆ ಚಿಂತೆಯನ್ನೂ ಕೇಳ್ಬೇಕಲ್ವಾ? 1999ರ ತಿದ್ದುಪಡಿವರೆಗೂ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಅಂತಲೇ ಇತ್ತು. ಕಾನೂನು ಬದಲಾಯ್ತು. ಗಂಡಿನ ಕಡೆಯವರು ಬಂದಾಗ ಮಾತ್ರೆ ಡಬ್ಬಿ ಇನ್ನೂ ಬೀರು ಸೇರುತ್ತೆ.

ಹಾಗಂತ ಪ್ರಶ್ನೆಗಳನ್ನ ಮನಸ್ಸಿಗೆ ಬಂದಂಗೆ ತಿದ್ದೋ ಹಾಗಿಲ್ಲ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರ್ಬೇಕು. ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ. ಆಮೇಲೆ ರೋಗಿಗಳ ಹತ್ರ ಪರೀಕ್ಷೆ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದಾಗ, ಆರೋಗ್ಯ ಬದಲಾಗದವರ ಅಂಕವೂ ಹೆಚ್ಚು ಬದಲಾಗಬಾರದು.

ಮುಂದಿನ ಫಾಲೋಅಪ್‌ನಲ್ಲಿ ಫಿಟ್ಸ್ ಲೆಕ್ಕದ ಜೊತೆ ನಿದ್ದೆ, ಕೆಲಸ, ಭಯ ಇವನ್ನೂ ಡಾಕ್ಟರಿಗೆ ಹೇಳಿ. ಮಾತ್ರೆಯನ್ನ ಮಾತ್ರ ನೀವೇ ನಿಲ್ಲಿಸ್ಬೇಡಿ.