ಅಡಿಕೆ ಮರಕ್ಕೆ ಪೊಟ್ಯಾಷ್ ಬಿಡಬಾರದು

ಗೊಬ್ಬರ ಒಯ್ಯಲು ಬರುವ ನಮ್ಮ ಸದಸ್ಯರಲ್ಲಿ ಈಚೆಗೆ ಒಂದು ರೂಢಿ ಬೆಳೆದಿದೆ. ಯೂರಿಯಾ ಕೇಳುತ್ತಾರೆ, 15:15:15 ಸಂಯುಕ್ತ ಗೊಬ್ಬರ ಕೇಳುತ್ತಾರೆ. ಪೊಟ್ಯಾಷಿನ ಮಾತೆತ್ತಿದರೆ "ಮುಂದಿನ ವರ್ಷ ನೋಡುವಾ" ಎನ್ನುತ್ತಾರೆ. ಕಾರಣ ಗುಟ್ಟಿನದೇನಲ್ಲ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಜಾರಿಗೆ ಬಂದಾಗ ಯೂರಿಯಾ ಅದರ ಹೊರಗುಳಿದು ಅಗ್ಗವಾಗಿಯೇ ನಿಂತಿತು. ಪೊಟ್ಯಾಷ್ ಹೊರದೇಶದಿಂದ ಬರಬೇಕು. ಉಕ್ರೇನ್ ಯುದ್ಧ ಸುರುವಾದ 2022ರಲ್ಲಿ 50 ಕಿಲೋ ಚೀಲಕ್ಕೆ 1,700 ರೂಪಾಯಿ ಆಯಿತು. ಆಗ ಬಿಟ್ಟವರು ಹಲವರು ಮತ್ತೆ ಹಾಕಲೇ ಇಲ್ಲ.

ಆದರೆ ಅಡಿಕೆ ಮರ ಬೇಡುವುದರಲ್ಲಿ ಪೊಟ್ಯಾಷಿನದೇ ದೊಡ್ಡ ಪಾಲು. ವಿಟ್ಲದ ಸಂಶೋಧನಾ ಕೇಂದ್ರದ ಶಿಫಾರಸಿನಂತೆ ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40 ಗ್ರಾಂ, ಪೊಟ್ಯಾಷ್ 140 ಗ್ರಾಂ. ಜೊತೆಗೆ ಹಸಿಸೊಪ್ಪು, ಕಂಪೋಸ್ಟು ತಲಾ 12 ಕಿಲೋ. ಈಗ 15:15:15ರ ಲೆಕ್ಕ ಹಾಕಿ ನೋಡಿ. 100 ಗ್ರಾಂ ಸಾರಜನಕ ಸಿಗಬೇಕಾದರೆ ಆ ಗೊಬ್ಬರ ಸುಮಾರು 670 ಗ್ರಾಂ ಬೇಕು. ಅದರಲ್ಲಿ ರಂಜಕವೂ 100 ಗ್ರಾಂ, ಅಂದರೆ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಪೊಟ್ಯಾಷ್ ಮಾತ್ರ 40 ಗ್ರಾಂ ಕಡಿಮೆ. ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಹೆಚ್ಚಾದ ರಂಜಕವನ್ನು ಕಬ್ಬಿಣದ ಅಂಶದೊಡನೆ ಬಿಗಿದಿಟ್ಟುಕೊಳ್ಳುತ್ತದೆ. ದುಡ್ಡು ನಮ್ಮದು, ಮರಕ್ಕೆ ದಕ್ಕುವುದು ಅಲ್ಪ.

ಬಿಡಿ ಗೊಬ್ಬರವೇ ಲೇಸು. ಮರಕ್ಕೆ ಯೂರಿಯಾ 220 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯುರಿಯೇಟ್ ಪೊಟ್ಯಾಷ್ 235 ಗ್ರಾಂ. ಎಕರೆಗೆ 550 ಮರವೆಂದರೆ ಪೊಟ್ಯಾಷ್ ಸುಮಾರು 130 ಕಿಲೋ, ಎರಡೂವರೆ ಚೀಲಕ್ಕೆ ತುಸು ಹೆಚ್ಚು. ಇದರಲ್ಲಿ ಮೂರನೇ ಒಂದು ಪಾಲನ್ನು ಮಳೆಗಾಲಕ್ಕೆ ಮುಂಚಿನ ಹದಕ್ಕೆ, ಉಳಿದದ್ದನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಳೆ ಇಳಿದ ಮೇಲೆ, ಬುಡದಿಂದ ಎರಡು-ಮೂರಡಿ ದೂರದವರೆಗೆ ಹಾಕಿ ಸೊಪ್ಪು ಮುಚ್ಚಬೇಕು. ಆಷಾಢದ ಜಡಿಮಳೆಯಲ್ಲಿ ಹಾಕಿದ ಯೂರಿಯಾ ಶರಾವತಿಗೆ ಹಾಕಿದಂತೆಯೇ.

ಕೆಳಗಿನ ಸೋಗೆಗಳ ತುದಿ, ಅಂಚು ಮೊದಲು ಹಳದಿಗಟ್ಟಿ ಒಣಗುತ್ತಿದ್ದರೆ ಪೊಟ್ಯಾಷ್ ಕೊರತೆಯ ಸಂಶಯ ಪಡಬಹುದು. ಹಳದಿ ಎಲೆ ರೋಗವೇ ಬೇರೆ. ಅದು ಗೊಬ್ಬರದಿಂದ ವಾಸಿಯಾಗದು. ಮಣ್ಣಿನಲ್ಲಿ ಪೊಟ್ಯಾಷ್ ಕೊರತೆ ಇದೆಯೇ ಎಂದು ತಿಳಿಯಲು ಮಣ್ಣು ಪರೀಕ್ಷೆ ಮಾಡಿಸಬೇಕು. ಹುಳಿ ಹೆಚ್ಚಿದ್ದರೆ ಎರಡು-ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ ಸುಣ್ಣ. ಆದರೆ ಯೂರಿಯಾದ ಜೊತೆ ಕೂಡದು, ಎರಡು ಮೂರು ವಾರ ಬಿಡುವಿರಲಿ.

ಹಿಂದೆ ಬಚ್ಚಲೊಲೆಯ ಬೂದಿ ತೋಟಕ್ಕೇ ಹೋಗುತ್ತಿತ್ತು. ಅದರಲ್ಲಿ ಪೊಟ್ಯಾಷೂ ಇತ್ತು, ಸುಣ್ಣದ ಅಂಶವೂ ಇತ್ತು. ಈಗ ಅನೇಕ ಮನೆಗಳಲ್ಲಿ ಸೋಲಾರ್ ನೀರು, ಬೂದಿಯೇ ಇಲ್ಲ. ಒಲೆ ಉಳಿಸಿಕೊಂಡವರು ಬೂದಿಯನ್ನು ಮಳೆಗೆ ನೆನೆಯದಂತೆ ಕೂಡಿಡಿ.

ಪೊಟ್ಯಾಷ್ ಬೇಕಾದ ಸದಸ್ಯರು ತಮ್ಮ ಮರಗಳನ್ನು ಎಣಿಸಿ, ಆಗಸ್ಟ್ ಮುಗಿಯುವುದರೊಳಗೆ ಸಂಘದಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.