ಗೆರ್ನ್ ಎಂಬ ಸಣ್ಣ ಮಾತು

ಶಿವಮೊಗ್ಗೆಯ ಆಲ್ಕೊಳದಲ್ಲಿರುವ ನಮ್ಮ ಬಂಧುಗಳ ಮನೆಗೆ ಕಳೆದ ಮಳೆಗಾಲದಲ್ಲಿ ಹೋಗಿದ್ದೆವು. ಮನೆಯ ಮಗಳು ಶುಶ್ರೂಷಾ ವಿದ್ಯೆಯನ್ನು ಮುಗಿಸಿ, ಜರ್ಮನಿಯಲ್ಲಿ ಉದ್ಯೋಗ ಮಾಡುವ ಹಂಬಲದಿಂದ ಆ ಭಾಷೆಯನ್ನು ಕಲಿಯುತ್ತಿದ್ದಳು. ಜರ್ಮನಿಯವರಾದ ಕಿಟ್ಟೆಲ್ ಪಂಡಿತರು 1853ರಲ್ಲಿ ಈ ದೇಶಕ್ಕೆ ಬಂದು, ನಮ್ಮ ನುಡಿಯನ್ನು ಕಲಿತು, 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರಷ್ಟೆ. ನಮ್ಮ ಹುಡುಗಿಯರು ಅವರ ನುಡಿಯನ್ನು ಕಲಿಯುವುದು ಹಳೆಯ ಋಣವನ್ನು ತೀರಿಸಿದಂತೆಯೇ ಸರಿ.

ಗಯಟೆ ಮಹಾಕವಿಯ ಹೆಸರಿನ ಸಂಸ್ಥೆಯು ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ಪ್ರಸಿದ್ಧವಾಗಿದೆ. ಅದು ನಡೆಸುವ ಮೊದಲನೆಯ ಪರೀಕ್ಷೆಯಲ್ಲಿ ಅಭ್ಯರ್ಥಿಯು ತನ್ನ ಪರಿಚಯವನ್ನು ಬಾಯಿಮಾತಿನಲ್ಲಿ ಹೇಳಬೇಕು. ಹೆಸರು, ವಯಸ್ಸು, ದೇಶ, ವಾಸಸ್ಥಳ, ಬಲ್ಲ ಭಾಷೆಗಳು, ಉದ್ಯೋಗ, ಹವ್ಯಾಸ ಎಂದು ಅಂಶಗಳು ಏಳು. ಕಡೆಯ ಅಂಶಕ್ಕೆ ಬೇಕಾದುದು 'ಗೆರ್ನ್' ಎಂಬ ಅವ್ಯಯ.

'ನನಗೆ ಓದುವುದು ಇಷ್ಟ' ಎಂದು ನಾವು ಚತುರ್ಥಿಯಲ್ಲಿ ಹೇಳುವೆವು. ಜರ್ಮನರು 'ಇಷ್ ಲೇಜೆ', ನಾನು ಓದುತ್ತೇನೆ, ಎಂದು ಹೇಳಿ ಅದರ ಮುಂದೆ 'ಗೆರ್ನ್' ಎಂದು ಸೇರಿಸುವರು. ಆಗ 'ಸಂತೋಷದಿಂದ ಓದುತ್ತೇನೆ' ಎಂದಾಗುವುದು. ಮನಸ್ಸಿಲ್ಲದ ಕೆಲಸಕ್ಕೆ 'ನಿಷ್ಟ್ ಗೆರ್ನ್'. ಒಂದಕ್ಕಿಂತ ಇನ್ನೊಂದು ಹೆಚ್ಚು ಪ್ರಿಯವಾದರೆ 'ಲೀಬರ್'. ಎಲ್ಲಕ್ಕಿಂತಲೂ ಪ್ರಿಯವಾದರೆ 'ಆಮ್ ಲೀಬ್‌ಸ್ಟನ್'. ಆದರೆ 'ಅದು ನನಗೆ ಹಿಡಿಸುತ್ತದೆ' ಎನ್ನುವಲ್ಲಿ ಅವರೂ ನಮ್ಮಂತೆ ಚತುರ್ಥಿಯನ್ನೇ ಹಿಡಿದು 'ಎಸ್ ಗೆಫೆಲ್ಟ್ ಮಿಯರ್' ಎನ್ನುವರು.

ಒಂದು ಸಂಜೆ ಹುಡುಗಿಯು ಅಭ್ಯಾಸಕ್ಕಾಗಿ ತಾಯಿಯನ್ನು 'ವಾಸ್ ಮಾಖ್ಸ್ಟ್ ಡೂ ಗೆರ್ನ್?' ಎಂದು ಕೇಳಿ, 'ನಿನಗೆ ಏನು ಮಾಡುವುದು ಇಷ್ಟ?' ಎಂದು ಅರ್ಥವನ್ನೂ ತಿಳಿಸಿದಳು.

“ಅಡುಗೆ ಮಾಡುತ್ತೇನೆ” ಎಂದರು ತಾಯಿ.

“ಅದು ನೀನು ಮಾಡುವ ಕೆಲಸವಾಯಿತಮ್ಮ. ಗೆರ್ನ್ ಯಾವುದು?”

ಆಕೆ ಒರಳಿನ ಕಡೆಗೆ ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಆ ಮನೆಯಲ್ಲಿ ಯಾರಿಗೆ ಯಾವ ಪಲ್ಯ ಸೇರುವುದೆಂಬುದನ್ನು ಆಕೆ ಬಲ್ಲರು. ಆಕೆಗೆ ಏನು ಸೇರುವುದೆಂದು ಕೇಳಿದವರಿಲ್ಲ. ಪ್ರತಿವರ್ಷವೂ ಅಲ್ಲಿ ಉಂಡುಬರುವ ನಾವೂ ಕೇಳಿರಲಿಲ್ಲವೆಂದು ನೆನೆದು ನಾಚಿದೆವು. ಕೊನೆಗೆ ಆಕೆ ಮೆಲ್ಲಗೆ, “ಮದುವೆಗೆ ಮುಂಚೆ ಹಾಡುತ್ತಿದ್ದೆ” ಎಂದರು.

“ನಮಗಿನ್ನೂ ಭೂತಕಾಲದ ಪಾಠವಾಗಿಲ್ಲ, ವರ್ತಮಾನದಲ್ಲಿ ಹೇಳು” ಎಂದು ಮಗಳು ನಕ್ಕು ಹೇಳಿಕೊಟ್ಟಳು. ತಾಯಿ ತಡವರಿಸುತ್ತ, “ಇಷ್ ಜಿಂಗೆ ಗೆರ್ನ್” ಎಂದರು. ಆ ರಾತ್ರಿ ಊಟವಾದ ಮೇಲೆ ಒಂದು ದೇವರನಾಮವನ್ನೂ ಹಾಡಿದರು.

ಈ ಪ್ರಶ್ನೆಯನ್ನು ಕೇಳಲು ಜರ್ಮನ್ ಬರಬೇಕೆಂದಿಲ್ಲ. ವಾಚಕರು ಇಂದು ತಮ್ಮ ಮನೆಯಲ್ಲಿ ಕನ್ನಡದಲ್ಲಿಯೇ ಕೇಳಿ ನೋಡಬಹುದು.