ಬೆಲ್ಲದ ಸೀಮೆಯಲ್ಲಿ ಸಿಹಿ-ಕಹಿಗಳ ಅರ್ಥ

ಮಕರ ಸಂಕ್ರಾಂತಿಯಂದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ಕಿರಿಯರು ಹಿರಿಯರ ಕೈಗೆ ಕುಸುರೆಳ್ಳು ಇಟ್ಟು ನಮಸ್ಕರಿಸುತ್ತಾರೆ. ‘ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದಾಂಗ ಇರೋಣ’ ಎಂಬುದು ಆ ಹೊತ್ತಿನ ಮಾತು. ಮಾತು ಬಿಟ್ಟವರೂ ಅಂದು ಕೈಯೊಡ್ಡಿದರೆ ಮುನಿಸು ಮುಗಿದಂತೆ. ಚಿಟಿಕೆ ಸಿಹಿಗೆ ಇಷ್ಟು ಶಕ್ತಿ ಬಂದುದು ಹೇಗೆ?

ಉತ್ತರದ ಒಂದು ಪಾಲು ಭಾಷೆಯಲ್ಲಿದೆ. ಕನ್ನಡದಲ್ಲಿ ರುಚಿಯ ಹೆಸರುಗಳು ಸಂಬಂಧದ ಹೆಸರುಗಳೂ ಹೌದು. ಶುಭವಾರ್ತೆಗೆ ಬಾಯಿ ಸಿಹಿ, ಮನಸ್ತಾಪಕ್ಕೆ ಕಹಿ, ಸಿಟ್ಟಿನ ನುಡಿಗೆ ಖಾರ. ಕೂಡಿದ್ದವರನ್ನು ಅಗಲಿಸುವವನು ಹುಳಿ ಹಿಂಡುವವನು. ಹುಳಿ ಬಿದ್ದ ಹಾಲು ಒಡೆಯುವುದನ್ನು ಕಂಡವರ ಮಾತಿದು. ಉಪ್ಪು ಋಣದ ಗುರುತು: ಉಪ್ಪುಂಡ ಮನೆಗೆ ಎರಡು ಬಗೆಯಬಾರದು.

ಆದರೆ ಈ ಹೊಂದಾಣಿಕೆ ಎಲ್ಲೆಡೆ ಒಂದೇ ಅಲ್ಲ. ಚೀನೀ ಭಾಷೆಯಲ್ಲಿ ‘ವಿನೆಗರ್ ತಿನ್ನುವುದು’ ಎಂದರೆ ಪ್ರೇಮದಲ್ಲಿ ಮತ್ಸರಪಡುವುದು. ಕನ್ನಡಿಗನಿಗೆ ಮತ್ಸರ ಹುಳಿಯಲ್ಲ, ಹೊಟ್ಟೆಯ ಉರಿ. ‘ಕಹಿ ತಿನ್ನುವುದು’ ಅಲ್ಲಿ ಕಷ್ಟ ಸಹಿಸುವ ಗುಣ. ಇದಕ್ಕೆ ಸಮೀಪವಾದುದು ನಮ್ಮ ಯುಗಾದಿಯ ಬೇವು-ಬೆಲ್ಲ.

ಕಹಿ ಪಾನೀಯ ಕುಡಿದವರು ಪರರ ತಪ್ಪನ್ನು ಹೆಚ್ಚು ಕಠಿಣವಾಗಿ ಅಳೆಯುತ್ತಾರೆಂದು 2011ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ವರದಿ ಮಾಡಿದ್ದರು. ಹಲವು ಪ್ರಯೋಗಾಲಯಗಳು ಸೇರಿ ನಡೆಸಿ 2020ರಲ್ಲಿ ಪ್ರಕಟಿಸಿದ ಮರುಪರೀಕ್ಷೆ ಅದನ್ನು ದೃಢಪಡಿಸಲಿಲ್ಲ. ಸಿಹಿಯತ್ತ ಒಲವು, ಕಹಿಗೆ ಮುಖ ಸಿಂಡರಿಸುವುದು ಹುಟ್ಟಿನಿಂದಲೇ ಇವೆ. ಅವುಗಳಿಗೆ ಸ್ನೇಹ, ಋಣ, ಮತ್ಸರಗಳ ಅರ್ಥ ಕೊಡುವುದು ಮಾತ್ರ ಸಮಾಜ ಮತ್ತು ಅದರ ಆಚರಣೆ.

ಕೃಷ್ಣಾ-ಘಟಪ್ರಭೆಗಳ ಈ ಕಬ್ಬಿನ ಸೀಮೆಯಲ್ಲಿ ಆ ಅರ್ಥಕ್ಕೆ ಬೆವರಿನ ಲೆಕ್ಕವೂ ಸೇರಿದೆ. ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ಮುಧೋಳ ಭಾಗದ ರೈತರು ಬೀದಿಗಿಳಿದರು. ಕಬ್ಬು ಹೇರಿದ ಟ್ರ್ಯಾಕ್ಟರುಗಳಿಗೆ ಬೆಂಕಿ ಬಿದ್ದಿತು. ಎರಡೇ ತಿಂಗಳಲ್ಲಿ ಸಂಕ್ರಾಂತಿ ಬಂದಿತು.

ಎಳ್ಳು-ಬೆಲ್ಲ ನೆರೆಹೊರೆಯ ಮುನಿಸನ್ನು ಕರಗಿಸಬಲ್ಲದು, ಬಾಕಿ ಬಿಲ್ಲನ್ನು ತೀರಿಸಲಾರದು. ಸಿಹಿಯನ್ನು ಬೆಳೆಯುವವನಿಗೆ ನ್ಯಾಯದ ಬೆಲೆ ಸಿಕ್ಕಾಗಲೇ ‘ಎಳ್ಳು-ಬೆಲ್ಲದಾಂಗ ಇರೋಣ’ ಎಂಬ ಮಾತು ಪೂರ್ಣವಾದೀತು.